ಮೊದಲು ಮತ, ಆಮೇಲೆ ಗೋಳಿಬಜೆ

ಸಹಕಾರ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಕಡಿಯಾಳಿಯ ನಮ್ಮ ಮನೆಗೆ ಬಂದಿದ್ದರು. ಸಂಘಗಳ ಚುನಾವಣೆ ನಡೆಸುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. ತರಬೇತಿಯಲ್ಲಿ ಹೇಳಿಕೊಡದ ವಿಷಯ ಏನಾದರೂ ಇದ್ದರೆ ಹೇಳಿ ಮೇಡಂ ಎಂದರು. ಏನೇನು ಹೇಳಿಕೊಟ್ಟಿದ್ದಾರೆ ಎಂದು ಕೇಳಿದೆ. ಕಾಯ್ದೆ, ಕಲಂ, ನಾಮಪತ್ರ, ಮತಪತ್ರ ಎಂದು ಒಪ್ಪಿಸಿದರು. ‘ಗೋಳಿಬಜೆಯ ಬಗ್ಗೆ ಎಂತ ಹೇಳಿದ್ದಾರೆ?’ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಲಾಖೆ ಇನ್ನೂ ಸುಧಾರಿಸಿಲ್ಲ ಎಂದು ಆಗಲೇ ತಿಳಿಯಿತು. ಅವರು ಹೋದ ಮೇಲೆ ಇದನ್ನು ಬರೆಯಲು ಕೂತೆ.

ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂದು ಬರೆದರೆ ನನ್ನ ಸ್ವಂತ ತಂಗಿಯೂ ಓದುವುದಿಲ್ಲ, ಅದನ್ನು ಬಿಡೋಣ. ಉಡುಪಿ, ಕಾಪು, ಕಾರ್ಕಳದ ಸುತ್ತಮುತ್ತ ಹಾಲಿನವರ, ಮೀನಿನವರ, ಮೇಷ್ಟ್ರುಗಳ ಎಷ್ಟೋ ಸಂಘಗಳಿಗೆ ಚುನಾವಣಾಧಿಕಾರಿಯಾಗಿ ಹೋಗಿದ್ದೇನೆ. ಅವುಗಳಲ್ಲಿ ಒಂದರ ಕಥೆ ಹೇಳಿದರೆ ಸಾಕು. ಹಿರಿಯಡ್ಕದಿಂದ ಒಳರಸ್ತೆ ಹಿಡಿದು ಹೋದರೆ ಸಿಗುವ ಸಣ್ಣ ಊರಿನ ಹಾಲು ಉತ್ಪಾದಕರ ಸಂಘ ಅದು. ಊರಿಗೆ ನೇರಳಪಲ್ಕೆ ಎಂದು ನಾನೇ ಹೆಸರಿಟ್ಟಿದ್ದೇನೆ. ನಿಜವಾದ ಹೆಸರು ಬರೆದರೆ ಅವರು ಶಾಲು, ಹಣ್ಣಿನ ಬುಟ್ಟಿ ಹಿಡಿದು ನನಗೆ ಸನ್ಮಾನ ಮಾಡಲು ಮನೆಗೇ ಬಂದುಬಿಡುತ್ತಾರೆ.

ಟಿವಿಯಲ್ಲಿ ದೂರದೂರದ ದೇಶಗಳನ್ನು ತೋರಿಸುತ್ತಾರಲ್ಲ, ಜನರೆಲ್ಲ ಬೀದಿಗಿಳಿದು ಹಳೆಯ ದೊರೆಯನ್ನು ಓಡಿಸಿ ಹೊಸಬನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದನ್ನು. ಕೆಲವು ವರ್ಷ ಬಿಟ್ಟು ಮತ್ತೆ ತೋರಿಸುವಾಗ ಆ ಮನುಷ್ಯ ಹೆಗಲಿನಿಂದ ಇಳಿದೇ ಇರುವುದಿಲ್ಲ. ಪಂಡಿತರು ಕೂತು ಅದಕ್ಕೆ ಸೈನ್ಯ ಕಾರಣ, ಎಣ್ಣೆ ಕಾರಣ ಎಂದು ಚರ್ಚೆ ಮಾಡುತ್ತಾರೆ. ನೇರಳಪಲ್ಕೆಯಲ್ಲಿ ಸೈನ್ಯ ಇರಲಿಲ್ಲ. ಎಣ್ಣೆ ಇತ್ತು, ಆದರೆ ಬಾಣಲೆಯಲ್ಲಿ.

ಮೊದಲ ಸಲ ಅಲ್ಲಿಗೆ ಹೋದಾಗ ನಾನು ಕೆಲಸಕ್ಕೆ ಹೊಸಬಳು. ಸಂಘ ಹುಟ್ಟಿದಂದಿನಿಂದ ಅಧ್ಯಕ್ಷರು ಒಬ್ಬರೇ, ದೊಡ್ಡಮನೆಯ ಧನಿಗಳು. ಅವರು ಕೊಟ್ಟ ಜಾಗದಲ್ಲೇ ಡೈರಿ, ಅವರ ಚಾವಡಿಯಲ್ಲೇ ಮಹಾಸಭೆ. ಪ್ರತಿ ಸಲವೂ ಅವಿರೋಧ ಆಯ್ಕೆ. ಎಂಥ ಜನಪ್ರೀತಿ ಎಂದುಕೊಂಡು ಹೋದವಳಿಗೆ ಸಭೆಯಲ್ಲಿ ಪಕ್ಕದಲ್ಲಿ ಕೂತವರು ಪಿಸುಗುಟ್ಟಿದ ಮೇಲೆ ತಂತ್ರ ಗೊತ್ತಾಯಿತು. ವರದಿ ಓದಿ ಮುಗಿಯುವವರೆಗೆ ಜನ ಬೆವರುತ್ತ, ಆಕಳಿಸುತ್ತ ಕೂತಿರುತ್ತಾರೆ. ‘ಇನ್ನು ಮುಂದಿನ ಅಧ್ಯಕ್ಷರ ವಿಷಯ’ ಎಂದು ಕಾರ್ಯದರ್ಶಿ ವಿಠಲ ಹೇಳುವುದಕ್ಕೂ ಒಳಗಿನಿಂದ ಬಿಸಿ ಬಿಸಿ ಗೋಳಿಬಜೆ ಬರುವುದಕ್ಕೂ ಸರಿಹೋಗುತ್ತದೆ. ಒಂದು ಕೈಯಲ್ಲಿ ಚಾದ ಲೋಟ, ಇನ್ನೊಂದು ಕೈಯಲ್ಲಿ ಚಟ್ನಿಗೆ ಅದ್ದಿದ ಬಜೆ. ಬಾಯಿ ಸುಟ್ಟು ಎಲ್ಲರೂ ಹಾ ಹಾ ಎನ್ನುತ್ತಿರುವಾಗ ಧನಿಗಳು ಕೇಳುತ್ತಾರೆ: ‘ನಾನೇ ಮುಂದುವರಿಯುವುದಕ್ಕೆ ಯಾರದಾದರೂ ವಿರೋಧ ಉಂಟಾ? ಇದ್ದವರು ಕೈ ಎತ್ತಿ.’ ಎತ್ತಲು ಖಾಲಿ ಕೈ ಬೇಕಲ್ಲ. ಮಾತನಾಡಲು ಖಾಲಿ ಬಾಯಿಯೂ ಇಲ್ಲ. ಅವಿರೋಧ ಎಂದು ವಿಠಲ ಘೋಷಿಸಿಯಾಗುತ್ತದೆ, ಅಷ್ಟರಲ್ಲಿ ಎರಡನೆಯ ಸುತ್ತು ಬಜೆ.

ಆ ವರ್ಷ ಮಾತ್ರ ಹಾಗಾಗಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ದುಡಿದು, ಅಲ್ಲಿ ಕೆಲಸಗಾರರ ಯೂನಿಯನ್ ಕಟ್ಟಿ, ಊರಿಗೆ ಮರಳಿ ದನ ಸಾಕಿಕೊಂಡಿದ್ದ ಸದಾನಂದಣ್ಣ ಎಂಬವರು ಸದಸ್ಯರಾಗಿ ಸೇರಿದ್ದರು. ಹೋಟೆಲಿನಲ್ಲಿ ದುಡಿದವರಿಗೆ ಬಜೆಯ ಶಕ್ತಿ ಗೊತ್ತಿರುತ್ತದೆ. ಬಜೆಯ ಹರಿವಾಣ ಹೊಸ್ತಿಲು ದಾಟಿದ್ದೇ ತಡ, ಅವರು ಎದ್ದು ನಿಂತು ಕೂಗಿದರು: ‘ಮೊದಲು ಮತ, ಆಮೇಲೆ ಬಜೆ!’

ಧನಿಗಳು ಆರಾಮ ಕುರ್ಚಿಯಿಂದ ಸ್ವಲ್ಪ ಎದ್ದು, ‘ಎಂತ ಮಾರಾಯಾ ನೀನು? ತಣ್ಣಗಾದರೆ ಅದು ಬಜೆಯಾ? ರಬ್ಬರ್ ಆಗ್ತದೆ!’ ಎಂದರು.

ಆಗ ಹೆಂಗಸರ ಸಾಲಿನಿಂದ ಸೆವ್ರಿನ್ ಬಾಯಿ ಎದ್ದರು. ಕಲ್ಯಾಣಪುರದಿಂದ ಮದುವೆಯಾಗಿ ಆ ಊರಿಗೆ ಬಂದವರು. ಗಂಡ ತೀರಿಹೋದ ಮೇಲೆ ಮೂರು ದನಗಳೇ ಅವರ ಜೀವನಾಧಾರ. ನೇರ ಹೋಗಿ ಬಡಿಸುವವರ ಕೈಯಿಂದ ಹರಿವಾಣ ಕಿತ್ತುಕೊಂಡು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ಸೆರಗು ಮುಚ್ಚಿ ಕೂತರು. ‘ರಬ್ಬರ್ ಆಗಲಿ ಧನಿ. ನಾವು ರಬ್ಬರೇ ತಿನ್ನುತ್ತೇವೆ. ಓಟು ಆಗಲಿ’ ಎಂದರು. ಇಷ್ಟೇ ಕ್ರಾಂತಿ. ಇಷ್ಟು ಮಾಡುವುದಕ್ಕೆ ಆ ಊರಿಗೆ ಅಷ್ಟು ವರ್ಷ ಬೇಕಾಗಿತ್ತು.

ಈಗ ನನ್ನ ಪಜೀತಿ ಕೇಳಿ. ಓಟು ನಡೆದೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮತಪತ್ರಗಳು ನಿಯಮಕ್ಕೆಂದು ಚೀಲದಲ್ಲಿದ್ದವು, ಆದರೆ ಪೆಟ್ಟಿಗೆ ಕಾರ್ಕಳದ ಯಾವುದೋ ಸಂಘಕ್ಕೆ ಹೋಗಿತ್ತು. ಡೈರಿಯಿಂದ ಹಾಲಿನ ಕ್ಯಾನೊಂದನ್ನು ತರಿಸಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ನಡುವೆ ಸೀಳು ಮಾಡಿ, ಮತಪೆಟ್ಟಿಗೆ ಎಂದು ಘೋಷಿಸಿದೆ. ಕ್ಯಾನಿನ ತಳದಲ್ಲಿ ಬೆಳಗಿನ ಹಾಲು ಉಳಿದಿದೆಯೇ ಎಂದು ನೋಡುವ ಬುದ್ಧಿ ನನಗೆ ಬರಲಿಲ್ಲ. ಎಣಿಕೆಗೆ ತೆರೆದರೆ ಅರ್ಧದಷ್ಟು ಮತಗಳು ಹಾಲಿನಲ್ಲಿ ಮಿಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಒಣಗದೆ ಬಿಡಿಸುವಂತಿಲ್ಲ. ಧನಿಗಳ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗಗಳಿಗೆ ಒಂದೊಂದೇ ಮತವನ್ನು ನೇತುಹಾಕಿ, ಎರಡೂ ಕಡೆಯವರು ಕಾವಲು ನಿಂತರು. ಬೀಸುವ ಗಾಳಿಗೆ ಪ್ರಜಾಪ್ರಭುತ್ವ ಪಟಪಟ ಹಾರುತ್ತಿತ್ತು. ಮನುಷ್ಯರ ಮೇಲೆ ಕಣ್ಣಿಟ್ಟಿದ್ದ ಕಾವಲಿನವರು ಕರುವಿನ ಮೇಲೆ ಇಡಲಿಲ್ಲ. ಹಾಲಿನ ವಾಸನೆಗೆ ಬಂದ ಧನಿಗಳ ಕರು ಕೆಳಗಿನ ಹಗ್ಗದ ಒಂದು ಮತವನ್ನು ಎಳೆದುಕೊಂಡು ನುಂಗಿಯೇಬಿಟ್ಟಿತು.

ಗಲಾಟೆಯಾಗುತ್ತದೆ, ಅಮಾನತು ಖಂಡಿತ ಎಂದುಕೊಂಡೆ. ಸದಾನಂದಣ್ಣ ಮುಂದೆ ಬಂದು, ‘ಅದನ್ನು ಧನಿಗಳಿಗೇ ಹಾಕಿ ಮೇಡಂ. ಕರು ಅವರದ್ದಲ್ವಾ, ಅವರಿಗೇ ಓಟು ಹಾಕಿದ್ದು’ ಎಂದರು. ಎಲ್ಲರೂ ನಕ್ಕರು, ಧನಿಗಳೂ ನಕ್ಕರು. ಆ ಒಂದು ಮತವನ್ನು ಸೇರಿಸಿಕೊಂಡೂ ಧನಿಗಳು ಸೋತರು, ಸದಾನಂದಣ್ಣ ಅಧ್ಯಕ್ಷರಾದರು. ಒಳಗೆ ಹೋಗುವಾಗ ಧನಿಗಳು ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ, ‘ಸದಾನಂದಾ, ನಾಳೆಯಿಂದ ನನ್ನ ಹಾಲು ತೆಗೆದುಕೊಳ್ಳುತ್ತೀರಿ ಅಲ್ವಾ?’ ಎಂದು ಕೇಳಿದರು. ‘ಎಂತ ಧನಿ ಹೀಗೆ ಕೇಳುವುದು? ಹಾಲಿಗೆ ಎಂತ ಪಕ್ಷ ಉಂಟು? ನಿಮ್ಮದೇ ಮೊದಲು ತೆಗೆದುಕೊಳ್ಳುವುದು’ ಎಂದರು ಸದಾನಂದಣ್ಣ. ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲರೂ ಕೂತು ಆ ತಣ್ಣಗಿನ ಬಜೆ ತಿಂದೆವು. ಜಗಿದು ಜಗಿದು ದವಡೆ ನೋವು ಬಂತು. ಅಷ್ಟು ರುಚಿಯಾದ ಬಜೆಯನ್ನು ನಾನು ಆಮೇಲೆ ಎಲ್ಲಿಯೂ ತಿಂದಿಲ್ಲ.

ಕಚೇರಿಗೆ ಬಂದು ವರದಿ ಕೊಟ್ಟರೆ ನಮ್ಮ ಸಹಾಯಕ ನಿಬಂಧಕರು, ನಾವು ಎ.ಆರ್. ಸಾಹೇಬರು ಎಂದು ಕರೆಯುತ್ತಿದ್ದವರು, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಕರುವಿನ ಹೇಳಿಕೆ ತೆಗೆದುಕೊಂಡಿದ್ದೀರಾ?’ ಎಂದರು. ತಮಾಷೆಯೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ. ‘ಮುಂದಿನ ಸಲ ಶಾಂತಿಯುತವಾಗಿ ಮುಗಿಸಿ ಬನ್ನಿ’ ಎಂದರು. ನಮ್ಮ ಇಲಾಖೆಯಲ್ಲಿ ಶಾಂತಿಯುತ ಎಂದರೆ ಓಟೇ ಆಗದಿರುವುದು.

ಡೈರಿಯ ಹೊಸ ಆಡಳಿತ ನೋಡಲು ಚೆಂದವಿತ್ತು. ಅಲ್ಲಿಯೂ ಇದ್ದ ಧನಿಗಳ ಆರಾಮ ಕುರ್ಚಿಯನ್ನು ಅವರ ಮನೆಗೆ ಕಳಿಸಿ, ಅಧ್ಯಕ್ಷರಿಗೂ ಸದಸ್ಯರಿಗೂ ಒಂದೇ ಉದ್ದ ಬೆಂಚು ಹಾಕಿದರು. ಒಬ್ಬರು ಒಂದೇ ಅವಧಿಗೆ ಅಧ್ಯಕ್ಷರು ಎಂದು ಠರಾವು ಮಾಡಿದರು. ‘ಮೊದಲು ಮತ, ಆಮೇಲೆ ಬಜೆ’ ಎಂದು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು.

ಐದು ವರ್ಷಗಳ ನಂತರ ಎರಡನೆಯ ಸಲ ಅಲ್ಲಿಗೆ ಹೊರಟಾಗ ಎ.ಆರ್. ಸಾಹೇಬರು ಕರೆದು, ‘ಅವಿರೋಧ ಮಾಡಿಸಿ ಬನ್ನಿ’ ಎಂದರು. ನಮ್ಮ ಕಡೆ ಅವಿರೋಧದ ಹುಚ್ಚು ಎಷ್ಟೆಂದು ಹೊಸಬರಿಗೆ ಗೊತ್ತಿರಬೇಕು. ಅವಿರೋಧವಾಗಿ ಆಯ್ಕೆಯಾದರೆ ರಸ್ತೆ ಬದಿಗೆ ಫ್ಲೆಕ್ಸು, ಪತ್ರಿಕೆಯಲ್ಲಿ ಫೋಟೊ, ಸನ್ಮಾನ. ಓಟು ನಡೆದು ಗೆದ್ದರೆ ಅದೊಂದು ಕಳಂಕ, ಮನೆಯ ಜಗಳ ಬೀದಿಗೆ ಬಂದ ಹಾಗೆ. ಕಾಪುವಿನ ಒಂದು ಮೀನುಗಾರರ ಸಂಘದಲ್ಲಿ ಅವಿರೋಧ ಮಾಡಲೆಂದು ಒಬ್ಬರಿಗಾಗಿ ಒಬ್ಬರು, ‘ನೀವೇ ಆಗಿ ಮಾರಾಯ್ರೆ’, ‘ಛೆ ಛೆ, ನೀವೇ ಆಗಿ’ ಎನ್ನುತ್ತ ಎಲ್ಲರೂ ನಾಮಪತ್ರ ಹಿಂತೆಗೆದುಕೊಂಡರು. ಗಡುವು ಮುಗಿದಾಗ ನೋಡಿದರೆ ಕಣದಲ್ಲಿ ಒಬ್ಬರೂ ಇಲ್ಲ. ವಿರೋಧವೂ ಇಲ್ಲ, ಅಧ್ಯಕ್ಷರೂ ಇಲ್ಲ. ಅವರು ಅದಕ್ಕೂ ಪಟಾಕಿ ಹೊಡೆಯಲು ಹೊರಟಿದ್ದರು, ನಾನು ತಡೆದೆ.

ನೇರಳಪಲ್ಕೆಯಲ್ಲಿ ಈ ಸಲ ಸಭೆ ಡೈರಿಯಲ್ಲೇ ಶುರುವಾಯಿತು. ಒಂದೇ ಅವಧಿ ಎಂಬ ಠರಾವನ್ನು ‘ತಾತ್ಕಾಲಿಕವಾಗಿ’ ಬದಿಗಿಟ್ಟಿದ್ದೇವೆ ಎಂದು ವಿಠಲ ಓದಿದ. ಯಾಕೆ ಎಂದು ಕೇಳಿದೆ. ಸದಾನಂದಣ್ಣ ಎದ್ದು ವಿವರಿಸಿದರು. ಈಗ ಬಿಟ್ಟರೆ ಧನಿಗಳ ಅಳಿಯ ಬಂದು ಕೂರಬಹುದು, ಆಗ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಗುತ್ತದೆ. ಅದಲ್ಲದೆ ಓಟು ನಡೆದ ಮೇಲೆ ಊರಿನಲ್ಲಿ ಎರಡು ಮನೆಯವರು ಇನ್ನೂ ಮಾತು ಬಿಟ್ಟಿದ್ದಾರೆ. ಪ್ರಜಾಪ್ರಭುತ್ವವನ್ನು ಉಳಿಸಬೇಕಾದರೆ ಒಂದು ಅವಧಿಗೆ ಓಟು ಬೇಡ. ಇಷ್ಟು ಹೇಳುವಾಗ ಅವರ ಮುಖದಲ್ಲಿ ಕಪಟ ಇರಲಿಲ್ಲ. ನಿಜವಾಗಿಯೂ ಊರಿನ ಒಳಿತಿಗೇ ಹೇಳುತ್ತಿದ್ದರು. ನನ್ನ ಅನುಭವದಲ್ಲಿ ಕಳ್ಳರು ಇಷ್ಟು ದಿನ ಬಾಳುವುದಿಲ್ಲ, ಒಳ್ಳೆಯವರೇ ಗಟ್ಟಿಯಾಗಿ ಕೂತುಬಿಡುವುದು.

ಅಷ್ಟರಲ್ಲಿ ಒಳಗಿನಿಂದ ಬಿಸಿ ಗೋಳಿಬಜೆ ಬಂತು. ನಾನು ಗೋಡೆಯ ಬರಹ ನೋಡಿದೆ, ಹರಿವಾಣ ನೋಡಿದೆ. ಸದಾನಂದಣ್ಣನಿಗೆ ನನ್ನ ನೋಟ ಅರ್ಥವಾಯಿತು. ‘ಅದು ಧನಿಗಳ ಬಜೆ ಆಗಿತ್ತು ಮೇಡಂ. ಇದು ಸದಸ್ಯರ ಬಜೆ’ ಎಂದರು. ‘ಆದರೆ ಮೊದಲು ಮತ ಅಲ್ವಾ?’ ಎಂದೆ. ‘ಮತ ಇದ್ದರೆ ತಾನೆ ಮೊದಲು ಯಾವುದು, ಆಮೇಲೆ ಯಾವುದು ಎಂಬ ಪ್ರಶ್ನೆ? ಅವಿರೋಧ ಆದ ಮೇಲೆ ಬಜೆ ಮಾತ್ರ ಉಳಿಯಿತಲ್ಲ’ ಎಂದರು. ಇದಕ್ಕೆ ಕಾಯ್ದೆಯಲ್ಲಿ ಉತ್ತರ ಇರಲಿಲ್ಲ. ಬಜೆ ಬಿಸಿಯಾಗಿತ್ತು, ನಾನೂ ತಿಂದೆ.

ಬೆಂಚಿನ ಒಂದು ತುದಿಯಲ್ಲಿ ಮಾತ್ರ ದಿಂಬು ಇತ್ತು. ಅದರ ಬಗ್ಗೆ ಕೇಳಿದ್ದು ನಾನು, ಉತ್ತರ ಕೊಟ್ಟದ್ದು ಸೆವ್ರಿನ್ ಬಾಯಿ: ‘ಸದಾನಂದಣ್ಣನಿಗೆ ಬೆನ್ನುನೋವು ಮೇಡಂ. ಸಂಘಕ್ಕೋಸ್ಕರ ಓಡಾಡಿ ಬಂದದ್ದು. ದಿಂಬು ನಾನೇ ಹೊಲಿದು ಕೊಟ್ಟೆ.’

ಆಮೇಲೆ ಪ್ರತಿ ವರ್ಷ ಧನಿಗಳು ಸೋತ ದಿನದಂದು ನೇರಳಪಲ್ಕೆಯಲ್ಲಿ ವಿಮೋಚನಾ ದಿನ. ಇಲಾಖೆಯ ಪರವಾಗಿ ನನ್ನನ್ನೂ ಕರೆಯುತ್ತಿದ್ದರು. ಒಂದು ವರ್ಷ ಹೋದಾಗ ದಿಂಬಿನ ಹಿಂದೆ ಒರಗುಹಲಗೆ ಬಂದಿತ್ತು. ಇನ್ನೊಂದು ವರ್ಷ ಒಂದು ಕೈ ಬಂತು. ಮತ್ತೊಂದು ವರ್ಷ ಇನ್ನೊಂದು ಕೈ. ಉಳಿದ ಉದ್ದಕ್ಕೆಲ್ಲ ಬೋಳು ಹಲಗೆ, ಈ ತುದಿಯಲ್ಲಿ ಸಿಂಹಾಸನ. ಆದರೂ ಅದು ಒಂದೇ ಬೆಂಚು, ಎಲ್ಲರೂ ಸಮಾನರು ಎಂದು ಸ್ವಾಗತ ಭಾಷಣದಲ್ಲಿ ತಪ್ಪದೆ ಹೇಳುತ್ತಿದ್ದರು. ಸನ್ಮಾನಿತರ ಆಯ್ಕೆಗೆ ಒಂದು ಸಮಿತಿ ಇತ್ತು. ಅದರ ಅಧ್ಯಕ್ಷರು ಸದಾನಂದಣ್ಣ. ಸಮಿತಿ ಪ್ರತಿ ವರ್ಷ ಬಹಳ ಚರ್ಚೆ ಮಾಡಿ ಸದಾನಂದಣ್ಣನನ್ನೇ ಆರಿಸುತ್ತಿತ್ತು. ಒಂದು ವರ್ಷ ಅವರು, ‘ಈ ಸಲ ನನಗೆ ಬೇಡ’ ಎಂದು ಕೈಮುಗಿದರಂತೆ. ಆ ವಿನಯಕ್ಕಾಗಿ ಎರಡು ಶಾಲು ಹೊದಿಸಿದರು.

ಈ ಮಧ್ಯೆ ಕಾಲ ಬದಲಾಯಿತು. ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು, ಡೈರಿಗೆ ಹಾಲಿನ ಕೊಬ್ಬು ಅಳೆಯುವ ಯಂತ್ರ ಬಂತು. ಹಾಲು ಹಾಕಿದರೆ ಫ್ಯಾಟ್ ಎಷ್ಟೆಂದು ಕೆಂಪಕ್ಷರದಲ್ಲಿ ತೋರಿಸುತ್ತದೆ, ಕಡಿಮೆಯಾದರೆ ಹಾಲು ವಾಪಸ್. ‘ಇನ್ನು ಪಕ್ಷಪಾತ ಎಂಬುದೇ ಇಲ್ಲ, ಯಂತ್ರಕ್ಕೆ ಎಲ್ಲರೂ ಒಂದೇ’ ಎಂದು ಸದಾನಂದಣ್ಣ ಉದ್ಘಾಟನೆಯ ದಿನ ಹೇಳಿದರು. ಯಂತ್ರದ ಎದುರು ವಿಠಲ ಕೂರುತ್ತಿದ್ದ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲಿನ ವಿಮೋಚನಾ ದಿನ. ಸದಾನಂದಣ್ಣನ ಕೊರಳಿಗೆ ಹಾರ ಬೀಳುತ್ತಿದ್ದಾಗ ಸೆವ್ರಿನ್ ಬಾಯಿ ಎದ್ದು ನಿಂತು, ಜಗಳವಾಡುವ ದನಿಯಲ್ಲಿ ಅಲ್ಲ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿದರು: ‘ಈ ಸಲ ಓಟು ಉಂಟಾ?’

ಹಾರ ಹಾಕುವವರು ಅದನ್ನು ಅರ್ಧದಲ್ಲೇ ಹಿಡಿದು ನಿಂತರು. ಸದಾನಂದಣ್ಣ ನಕ್ಕು, ‘ನೋಡುವ, ಬಾಯಿ’ ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ಸೆವ್ರಿನ್ ಬಾಯಿಯ ಹಾಲಿಗೆ ಫ್ಯಾಟ್ ಇರಲಿಲ್ಲ.

ಸಂಜೆಯೂ ಇಲ್ಲ, ಮರುದಿನವೂ ಇಲ್ಲ. ಹಿಂಡಿ ಬದಲಾಯಿಸಿದರು, ಹುಲ್ಲು ಬದಲಾಯಿಸಿದರು, ಮಣಿಪಾಲದಿಂದ ಪಶುವೈದ್ಯರನ್ನು ಕರೆಸಿದರು. ದನಗಳು ಗಟ್ಟಿಮುಟ್ಟಾಗಿದ್ದವು. ಕೊನೆಗೆ ಒಂದು ದಿನ ಪಕ್ಕದ ಮನೆಯ ಜಲಜಕ್ಕನ ಕ್ಯಾನಿನಲ್ಲಿ ತನ್ನ ಹಾಲು ಹಾಕಿ ಅವರ ಕೈಯಲ್ಲೇ ಕಳಿಸಿ ನೋಡಿದರೆ ಅದೇ ಹಾಲು ಪಾಸು. ಧನಿಗಳಿಗೆ ಆಗ ತೀರಾ ವಯಸ್ಸಾಗಿತ್ತು, ಕೋಲೂರಿಕೊಂಡು ಡೈರಿಗೆ ಬರುತ್ತಿದ್ದರು. ಈ ಸುದ್ದಿ ಕೇಳಿ ಅವರು, ‘ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ, ಅಷ್ಟೇ. ದನದ ಹೊಟ್ಟೆಯ ಒಳಗೆ ಹೋಗಿ ಫ್ಯಾಟ್ ಇಳಿಸುವ ವಿದ್ಯೆ ನಮಗೆ ಗೊತ್ತಿರಲಿಲ್ಲ ಮಾರಾಯ್ರೆ’ ಎಂದರಂತೆ.

ವಾಪಸ್ ಬಂದ ಹಾಲನ್ನು ಸೆವ್ರಿನ್ ಬಾಯಿ ನೆರೆಹೊರೆಗೆ ಹಂಚಿದರು. ಎದುರು ಸಿಕ್ಕರೆ ಮುಖ ತಿರುಗಿಸುವವರು ಹಿತ್ತಿಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ಹಂಚಿದರೆ ಹೊಟ್ಟೆ ತುಂಬುತ್ತದೆಯೇ? ದನಕ್ಕೆ ಹಿಂಡಿ ಹಾಕಲು ಗತಿಯಿಲ್ಲದೆ ಲಿಲ್ಲಿ ಎಂಬ ದನವನ್ನು ಬಜ್ಪೆ ಕಡೆಯವರಿಗೆ ಮಾರಿದರು. ಅದು ಅವರ ಕೈಯಲ್ಲೇ ಹುಟ್ಟಿ ಬೆಳೆದದ್ದು. ಅದೇ ವಾರ ನೋಟಿಸೂ ಬಂತು: ಸಂಘದ ಒಗ್ಗಟ್ಟಿಗೆ ಭಂಗ ತಂದದ್ದರಿಂದ ಮಹಾಸಭೆಯಲ್ಲಿ ನಿಮ್ಮ ಸದಸ್ಯತ್ವವನ್ನು ರದ್ದು ಮಾಡಲಾಗುವುದು. ಸದಸ್ಯತ್ವ ಹೋದರೆ ಡೈರಿ ಶಾಶ್ವತವಾಗಿ ಬಂದ್, ಉಳಿದ ಎರಡು ದನಗಳನ್ನೂ ಮಾರಿ ಕೈ ಚೆಲ್ಲಬೇಕು.

ಅವರು ಕ್ಯಾನು ಹಿಡಿದುಕೊಂಡೇ ಬಸ್ಸು ಹತ್ತಿ ಮಣಿಪಾಲದ ನಮ್ಮ ಕಚೇರಿಗೆ ಬಂದರು. ಆಗ ಹೊಸ ಎ.ಆರ್. ಸಾಹೇಬರು ಬಂದಿದ್ದರು, ಹುಡುಗು ವಯಸ್ಸಿನವರು. ಅವರ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ ಕ್ಯಾನು ಕುಕ್ಕಿ, ‘ಇದರಲ್ಲಿ ನೀರು ಎಲ್ಲಿ ಉಂಟು ತೋರಿಸಿ ಸಾಹೇಬ್ರೆ’ ಎಂದರು. ಸಾಹೇಬರು ಮುಚ್ಚಳ ತೆಗೆದು ಮೂಸಿ ನೋಡಿ ನನ್ನನ್ನು ಕರೆದರು. ‘ನಿಮಗೆ ಆ ಸಂಘ ಪರಿಚಯ ಅಲ್ಲವೇ? ಶಾಂತಿಯುತವಾಗಿ ಮುಗಿಸಿ ಬನ್ನಿ’ ಎಂದರು. ಸಾಹೇಬರು ಬದಲಾಗುತ್ತಾರೆ, ಆ ಮಾತು ಕುರ್ಚಿಗೇ ಅಂಟಿಕೊಂಡಿರುತ್ತದೆ ಎಂದು ಕಾಣುತ್ತದೆ.

ನಾನು ಮೊದಲು ಹೋಗಿ ಸದಾನಂದಣ್ಣನನ್ನೇ ಕೇಳಿದೆ. ಅವರು ಬೆಂಚಿನ ಸಿಂಹಾಸನದ ತುದಿಯಲ್ಲಿ ಕೂತು ನನಗೆ ಬೋಳು ಹಲಗೆ ತೋರಿಸಿದರು. ‘ಸೆವ್ರಿನ್ ಬಾಯಿಯ ಮೇಲೆ ನನಗೆ ಎಂತ ಕೋಪ ಮೇಡಂ? ಈ ದಿಂಬು ಅವರೇ ಹೊಲಿದದ್ದು. ಆದರೆ ಜನ ಕೇಳುವುದಿಲ್ಲ. ಜನರಿಗೆ ತುಂಬ ಬೇಸರವಾಗಿದೆ.’

‘ಯಾವ ಜನರಿಗೆ?’

‘ಎಲ್ಲರಿಗೂ.’

ವಿಠಲನನ್ನು ಕೇಳಿದರೆ, ‘ನನ್ನದು ಎಂತ ಉಂಟು ಮೇಡಂ, ಯಂತ್ರ ಹೇಳಿದ ಹಾಗೆ. ಅಧ್ಯಕ್ಷರಿಗೆ ಬೇಸರ ಆಗಿದೆ’ ಎಂದ. ಅಧ್ಯಕ್ಷರು ಹೇಳಿದರೇ ಎಂದರೆ, ‘ಹೇಳಿಲ್ಲ. ಹೇಳಬೇಕಾ ಮೇಡಂ?’ ಎಂದ. ಜಲಜಕ್ಕನನ್ನು ಕೇಳಿದೆ. ಅವರು ಸುತ್ತಮುತ್ತ ನೋಡಿ, ‘ನಮಗೆ ಸೆವ್ರಿನ್ ಬಾಯಿ ಇದ್ದರೂ ಒಂದೇ, ಹೋದರೂ ಒಂದೇ. ಆದರೆ ಉಳಿದವರು ಬಿಡುವುದಿಲ್ಲ’ ಎಂದರು. ಉಳಿದವರಲ್ಲಿ ನಾಲ್ಕೈದು ಮಂದಿಯನ್ನು ಕೇಳಿದೆ. ಅವರೂ ಉಳಿದವರ ಬಗ್ಗೆಯೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಗುಪ್ತ ಮತದಾನ ನಡೆಸದೆ ಸದಸ್ಯತ್ವ ರದ್ದು ಮಾಡಿದರೆ ಇಲಾಖೆ ಒಪ್ಪುವುದಿಲ್ಲ ಎಂದು ಸದಾನಂದಣ್ಣನಿಗೆ ಖಡಾಖಂಡಿತ ಹೇಳಿದೆ. ಅವರು ಒಂದಿಷ್ಟೂ ಅಳುಕಲಿಲ್ಲ. ‘ಧಾರಾಳ ಮಾಡಿ ಮೇಡಂ. ನಮ್ಮಲ್ಲಿ ಅಡಗಿಸುವುದು ಎಂತ ಉಂಟು?’ ಎಂದರು.

ಮಹಾಸಭೆಯ ದಿನ ಮತಪೆಟ್ಟಿಗೆಯನ್ನು ನಾನೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ಹಿಂಡಿಯ ಗೋಣಿಗಳನ್ನು ಕಟ್ಟಿ ಮರೆ ಮಾಡಿದೆ. ಮತಪತ್ರದಲ್ಲಿ ಎರಡೇ ಮಾತು, ‘ಇರಲಿ’, ‘ತೆಗೆಯಿರಿ’. ಬಜೆ ಆಗಲೇ ಬಂದು ಸುತ್ತು ಮುಗಿದಿತ್ತು. ಹಾಗಾಗಿ ಎಲ್ಲರೂ ಕೈ ತೊಳೆದು ಬರಬೇಕು, ಎಣ್ಣೆ ಹತ್ತಿದ ಮತ ತಿರಸ್ಕೃತ ಎಂದು ಘೋಷಿಸಿದೆ. ಜನ ನಲ್ಲಿಯ ಹತ್ತಿರ ಸಾಲು ನಿಂತು ಕೈ ತೊಳೆದು ಒಬ್ಬೊಬ್ಬರಾಗಿ ಗೋಣಿಯ ಹಿಂದೆ ಹೋದರು. ಧನಿಗಳು ಕೋಲೂರಿಕೊಂಡು ಹೋದರು, ವಿಠಲ ಹೋದ, ಜಲಜಕ್ಕ ಹೋದರು. ಸದಾನಂದಣ್ಣ ಕೊನೆಯವರಾಗಿ ಹೋದರು. ಸೆವ್ರಿನ್ ಬಾಯಿ ಮಾತ್ರ ತನ್ನ ವಿಷಯಕ್ಕೆ ತಾನೇ ಓಟು ಹಾಕುವುದಿಲ್ಲ ಎಂದು ಹಟ ಹಿಡಿದು, ಬೋಳು ಬೆಂಚಿನ ಆ ತುದಿಯಲ್ಲಿ ಜಪಮಾಲೆ ಬೆರಳಿಗೆ ಸುತ್ತಿಕೊಂಡು ಕೂತಿದ್ದರು.

ಎಲ್ಲರೆದುರು ಪೆಟ್ಟಿಗೆ ತೆರೆದೆ. ಮೊದಲ ಮತ, ಇರಲಿ. ಎರಡನೆಯದು, ಇರಲಿ. ವಿಠಲ ‘ತೆಗೆಯಿರಿ’ ಎಂಬ ಕಟ್ಟು ಕಟ್ಟಲು ರಬ್ಬರ್ ಬ್ಯಾಂಡ್ ಹಿಡಿದು ಕಾಯುತ್ತಿದ್ದ. ಇರಲಿ, ಇರಲಿ, ಇರಲಿ. ಜನ ಮೊದಲು ನನ್ನನ್ನು ನೋಡುತ್ತಿದ್ದವರು ಆಮೇಲೆ ಒಬ್ಬರನ್ನೊಬ್ಬರು ನೋಡತೊಡಗಿದರು. ರಾಶಿ ಒಂದೇ ಕಡೆ ಬೆಳೆಯಿತು. ಪೆಟ್ಟಿಗೆ ಖಾಲಿಯಾಯಿತು ಎಂದೆ. ವಿಠಲ ನಂಬದೆ ಅದನ್ನು ಬೋರಲು ಹಾಕಿ ತಟ್ಟಿದ, ಒಳಗೆ ಕೈ ಹಾಕಿ ಮೂಲೆ ಮೂಲೆ ಸವರಿದ. ‘ತೆಗೆಯಿರಿ’ ಎಂಬುದಕ್ಕೆ ಒಂದು ಮತವೂ ಇರಲಿಲ್ಲ. ವಿಠಲನದೂ ಇರಲಿಲ್ಲ, ಅಧ್ಯಕ್ಷರದೂ ಇರಲಿಲ್ಲ.

ಅಭ್ಯಾಸಬಲದಿಂದ ವಿಠಲ, ‘ಸರ್ವಾನುಮತದಿಂದ...’ ಎಂದು ಶುರು ಮಾಡಿ, ಮುಂದೆ ಏನು ಹೇಳಬೇಕೆಂದು ತೋಚದೆ ನಿಂತುಬಿಟ್ಟ. ಯಾರೋ ಚಪ್ಪಾಳೆ ತಟ್ಟಿದರು. ಸೆವ್ರಿನ್ ಬಾಯಿಗೆ ಸಂತೋಷವಾಗಬಹುದು, ಅಳಬಹುದು ಎಂದು ನಾನು ಎಣಿಸಿದ್ದೆ. ಅವರು ಎದ್ದು ನಿಂತರು. ಮುಖ ಕೆಂಪಾಗಿತ್ತು.

‘ಯಾರಿಗೂ ಬೇಡ ಅಂತ ಇರಲಿಲ್ವಾ?’ ಎಂದರು. ‘ಒಬ್ಬರಿಗೂ? ಹಾಗಾದರೆ ಇಷ್ಟು ದಿನ ನನ್ನ ಹಾಲು ವಾಪಸ್ ಕಳಿಸಿದ್ದು ಯಾರು? ನನ್ನ ಲಿಲ್ಲಿಯನ್ನು ಮಾರಿಸಿದ್ದು ಯಾರು? ಹೇಳಿ. ಒಬ್ಬರಾದರೂ ಹೇಳಿ, ನಾನು ಅವರ ಹತ್ತಿರ ಜಗಳ ಮಾಡಿ ಮುಗಿಸುತ್ತೇನೆ.’

ಹೇಳಲು ಯಾರೂ ಇರಲಿಲ್ಲ. ಧನಿಗಳು ಕೋಲಿನ ಹಿಡಿ ನೋಡುತ್ತ ಕೂತಿದ್ದರು. ಸೆವ್ರಿನ್ ಬಾಯಿ ಸಂಜೆಯ ಹಾಲು ಕರೆಯುವ ಹೊತ್ತಾಯಿತೆಂದು ಮನೆಗೆ ಹೊರಟರು. ಆ ಸಂಜೆ ಅವರ ಹಾಲಿಗೆ ಫ್ಯಾಟ್ ಮರಳಿ ಬಂತು ಎಂದು ಆಮೇಲೆ ಕೇಳಿದೆ. ಲಿಲ್ಲಿ ಮರಳಿ ಬರಲಿಲ್ಲ.

ಸಭೆಯಲ್ಲಿ ಮುಂದಿನ ವಿಷಯ ಅಧ್ಯಕ್ಷರ ಆಯ್ಕೆ. ನಾಮಪತ್ರದ ಗಡುವು ಮುಗಿದಿತ್ತು, ಬಂದದ್ದು ಸದಾನಂದಣ್ಣನ ಒಂದೇ ನಾಮಪತ್ರ. ಈಗಷ್ಟೇ ಇಡೀ ಸಭೆಯೇ ಅವರಿಗೆ ವಿರುದ್ಧವಾಗಿ, ಅವರನ್ನೂ ಸೇರಿಸಿಕೊಂಡು, ಮತ ಹಾಕಿತ್ತು. ಆದರೂ ಕಾಯ್ದೆ ಕಾಯ್ದೆಯೇ. ಸದಾನಂದಣ್ಣ ಅವಿರೋಧವಾಗಿ ಆಯ್ಕೆಯಾಗಿದ್ದಾರೆ ಎಂದು ಘೋಷಿಸಿದೆ. ಅದಕ್ಕೂ ಚಪ್ಪಾಳೆ ಬಿತ್ತು, ಮೊದಲಿನದಕ್ಕಿಂತ ಜೋರಾಗಿ.

ಪೆಟ್ಟಿಗೆ ಹಿಡಿದು ಬಸ್ ಸ್ಟಾಪಿಗೆ ಬಂದು ನಿಂತೆ. ಜಲಜಕ್ಕ ಹುಲ್ಲಿನ ಹೊರೆ ಹೊತ್ತು ಬಂದವರು ಹತ್ತಿರ ನಿಂತು ಪಿಸುಗುಟ್ಟಿದರು: ‘ಮೇಡಂ, ನಾನು ಇರಲಿ ಅಂತ ಹಾಕಿದ್ದು. ಯಾರಿಗೂ ಹೇಳಬೇಡಿ.’ ಎಲ್ಲರೂ ಹಾಗೆಯೇ ಹಾಕಿದ್ದಾರಲ್ಲ, ಇದರಲ್ಲಿ ಗುಟ್ಟು ಏನಿದೆ ಎಂದೆ. ‘ಅದು ಹೌದು. ಆದರೂ ಹೇಳಬೇಡಿ’ ಎಂದು ಸರಸರ ನಡೆದರು. ಆಮೇಲೆ ಸೈಕಲಿನಲ್ಲಿ ಒಬ್ಬರು, ಬೀಡಿ ಹಚ್ಚುವ ನೆಪದಲ್ಲಿ ಇನ್ನೊಬ್ಬರು. ವಿಠಲ ನನಗೆ ಬಸ್ಸಿನ ಸಮಯ ಹೇಳುವ ಹಾಗೆ ಬಂದು ಅದನ್ನೇ ಹೇಳಿ ಹೋದ. ಒಬ್ಬೊಬ್ಬರ ಮುಖದಲ್ಲೂ ತಾನೊಬ್ಬನೇ ಧೈರ್ಯ ಮಾಡಿದೆ ಎಂಬ ಹೆಮ್ಮೆ, ಅದರ ಜೊತೆಗೇ ಸಿಕ್ಕಿಬೀಳುತ್ತೇನೋ ಎಂಬ ಭಯ. ಮೊದಲಿಬ್ಬರಿಗೆ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಕೊನೆಗೆ ಸದಾನಂದಣ್ಣ ಬಂದರು. ಒಬ್ಬರೇ ಬಂದಿದ್ದರು, ಸಭೆಯಲ್ಲಿ ಹಾಕಿದ ಹಾರ ಇನ್ನೂ ಕೊರಳಲ್ಲಿತ್ತು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

‘ಮೇಡಂ, ನಾನೂ ಇರಲಿ ಅಂತಲೇ ಹಾಕಿದ್ದು.’

‘ಅದು ಎಲ್ಲರಿಗೂ ಗೊತ್ತಾಯಿತಲ್ಲ ಸದಾನಂದಣ್ಣ.’

‘ಗೊತ್ತಾಗಿರಬಹುದು. ಆದರೆ ನೀವಾಗಿ ಯಾರ ಹತ್ತಿರವೂ ಹೇಳಬಾರದು. ದಮ್ಮಯ್ಯ.’

ನನಗೆ ತಡೆಯಲಾಗಲಿಲ್ಲ. ‘ಅಧ್ಯಕ್ಷರು ನೀವು. ಈ ಊರಿನಲ್ಲಿ ನೀವು ಹೆದರಬೇಕಾದ್ದು ಯಾರಿಗೆ?’ ಎಂದು ಕೇಳಿದೆ.

ಅವರು ಹಾರವನ್ನು ಕೊರಳಿನಿಂದ ತೆಗೆಯಲು ಹೋಗಿ, ಡೈರಿಯ ಕಡೆಗೊಮ್ಮೆ ನೋಡಿ, ತೆಗೆಯದೆ ಬಿಟ್ಟರು.

‘ಅದು ನನಗೂ ಗೊತ್ತಿಲ್ಲ ಮೇಡಂ’ ಎಂದರು. ‘ಆದರೆ ಹೆದರಿಕೆ ಉಂಟು.’